ಎಸಿ ಮೆಕ್ಯಾನಿಕ್‌ನ ವರ್ಷದ ಗಳಿಕೆಯನ್ನು ಲೆಕ್ಕ ಹಾಕುವುದು ಹೇಗೆ

ಐಟಿಐಯ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್‌ಗೆ ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಿ ಮೊದಲು ಕೇಳುವುದು, ಕೋರ್ಸು ಮುಗಿದ ಮೇಲೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು. ಕೇಳಲೇಬೇಕಾದ ಪ್ರಶ್ನೆಯೇ ಅದು. ಆದರೆ ಈ ಕಸುಬಿನಲ್ಲಿ ತಿಂಗಳ ಲೆಕ್ಕ ದಾರಿ ತಪ್ಪಿಸುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಊಟಕ್ಕೂ ಪುರುಸೊತ್ತಿಲ್ಲದೆ ಓಡಾಡುವ ಮೆಕ್ಯಾನಿಕ್ಕೇ ಆಗಸ್ಟ್‌ನಲ್ಲಿ ಫೋನು ಬರುವುದನ್ನು ಕಾಯುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಗಳಿಕೆಯನ್ನು ವರ್ಷದ ಮೇಲೆ ಅಳೆಯಬೇಕು. ಅದರಲ್ಲೂ ಕೈಗೆ ಬಂದ ಹಣವನ್ನಲ್ಲ, ಖರ್ಚೆಲ್ಲ ಕಳೆದು ಮನೆಗೆ ಮುಟ್ಟಿದ ಹಣವನ್ನು ಅಳೆಯಬೇಕು. ಹಾಗೆ ಅಳೆದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಕಸುಬಿನವರ ಆದಾಯವನ್ನು ನಿರ್ಧರಿಸುವುದು ಬೇಸಿಗೆಯ ಮೂರೂವರೆ ತಿಂಗಳಲ್ಲ, ಉಳಿದ ಎಂಟೂವರೆ ತಿಂಗಳಲ್ಲಿ ಅವರು ಏನು ಮಾಡುತ್ತಾರೆ ಎಂಬುದು. ಆ ಲೆಕ್ಕವನ್ನು ಯಾರು ಬೇಕಾದರೂ ತಮ್ಮ ಊರಿನ ದರಗಳನ್ನು ಹಾಕಿ ಮಾಡಿಕೊಳ್ಳುವಂತೆ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಆರಂಭದ ವರ್ಷಗಳು

ಈ ಟ್ರೇಡ್ ಎರಡು ವರ್ಷದ್ದು; ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ಅಖಿಲ ಭಾರತ ಮಟ್ಟದ ಟ್ರೇಡ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ, ಅಂದರೆ ಎನ್‌ಟಿಸಿ, ಕೈಸೇರುತ್ತದೆ. ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗುವುದೋ, ಅಪ್ರೆಂಟಿಸ್ ಆಗಿ ಸೇರುವುದೋ ಎಂಬ ಆಯ್ಕೆ ಬರುತ್ತದೆ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳು ಪ್ರಮಾಣಪತ್ರ ಇರುವವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿದ್ದವು. ಇದು ಕನಿಷ್ಠ ಮೊತ್ತವಷ್ಟೇ. ದೊಡ್ಡ ಕಂಪನಿಗಳು ಹೆಚ್ಚು ಕೊಡುವುದುಂಟು. ಅಂಗಡಿಯಲ್ಲಿ ಹೆಲ್ಪರ್ ಆಗಿ ನಿಂತವರಿಗೆ ಇದಕ್ಕಿಂತ ಹೆಚ್ಚು ಸಿಗುವುದನ್ನು ಕಂಡು ಅನೇಕರು ಅಪ್ರೆಂಟಿಸ್‌ಶಿಪ್ ಬಿಟ್ಟುಬಿಡುತ್ತಾರೆ. ಆಸ್ಪತ್ರೆ, ಕಾರ್ಖಾನೆ ಅಥವಾ ದೊಡ್ಡ ಕಟ್ಟಡದ ಚಿಲ್ಲರ್ ಪ್ಲಾಂಟ್‌ನಲ್ಲಿ (ನೀರನ್ನು ತಣ್ಣಗೆ ಮಾಡಿ ಇಡೀ ಕಟ್ಟಡಕ್ಕೆ ತಂಪು ಕೊಡುವ ಯಂತ್ರಗಳ ಜಾಗ) ಅಪ್ರೆಂಟಿಸ್ ಜಾಗ ಸಿಗುವುದಾದರೆ, ಮನೆಯ ಪರಿಸ್ಥಿತಿ ಅನುಮತಿಸುವಷ್ಟರ ಮಟ್ಟಿಗೆ, ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಒಂದು ವರ್ಷದಲ್ಲಿ ಕಣ್ಣಿಗೆ ಬೀಳುವ ಯಂತ್ರಗಳು ಬೀದಿಯ ಸರ್ವಿಸ್ ಅಂಗಡಿಯಲ್ಲಿ ಎಷ್ಟು ವರ್ಷ ದುಡಿದರೂ ಕಾಣಸಿಗುವುದಿಲ್ಲ.

ಬೆಂಗಳೂರಿನಲ್ಲಿ ಹೊಸಬರಾದ ಹೆಲ್ಪರ್‌ಗೆ ಸುಮಾರು 12ರಿಂದ 16 ಸಾವಿರ, ಒಬ್ಬರೇ ಹೋಗಿ ಸ್ಪ್ಲಿಟ್ ಎಸಿ ಬಿಚ್ಚಿ ಜೋಡಿಸಬಲ್ಲ ಎರಡು ಮೂರು ವರ್ಷದ ಅನುಭವಿಗೆ 18ರಿಂದ 25 ಸಾವಿರ, ವಿಆರ್‌ಎಫ್ (ಒಂದೇ ಔಟ್‌ಡೋರ್ ಯೂನಿಟ್‌ನಿಂದ ಹಲವು ಕೋಣೆಗಳಿಗೆ ತಂಪು ಕೊಡುವ ವ್ಯವಸ್ಥೆ) ಅಥವಾ ಚಿಲ್ಲರ್ ಬಲ್ಲವರಿಗೆ 30ರಿಂದ 45 ಸಾವಿರ ಎಂದು ಸ್ಥೂಲವಾಗಿ ಹೇಳಬಹುದು. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳಲ್ಲಿ ಅಂಕಿಗಳು ಇದಕ್ಕಿಂತ ಕಡಿಮೆ. ಆದರೆ ಮನೆ ಬಾಡಿಗೆಯ ವ್ಯತ್ಯಾಸವನ್ನು ಕಳೆದು ನೋಡಿದರೆ ಕೆಳಗಿನ ಹಂತದ ಕೆಲಸಗಾರನಿಗೆ ಅಂಥ ದೊಡ್ಡ ಅಂತರ ಉಳಿಯುವುದಿಲ್ಲ. ಅಂತರ ನಿಜವಾಗಿ ಕಾಣುವುದು ಮೇಲಿನ ಹಂತದಲ್ಲಿ, ಏಕೆಂದರೆ ದೊಡ್ಡ ಪ್ಲಾಂಟ್‌ಗಳು ಹೆಚ್ಚಾಗಿ ಇರುವುದು ದೊಡ್ಡ ನಗರಗಳಲ್ಲೇ.

ಸಂಬಳದ ಚೀಟಿಯನ್ನು ಓದುವ ಬಗೆ

ಕೆಲಸಕ್ಕೆ ಕರೆದವರು ಹೇಳುವ ಮೊತ್ತವನ್ನು ಹಾಗೆಯೇ ನಂಬದೆ, ಅದರಲ್ಲಿ ಮೂಲ ವೇತನ ಎಷ್ಟು, ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆಯೇ, ಪೆಟ್ರೋಲ್ ಯಾರದು, ಟೂಲ್ಸ್ ಯಾರದು ಎಂದು ಬಿಡಿಬಿಡಿಯಾಗಿ ಕೇಳಬೇಕು. ಒಂದು ಉದಾಹರಣೆ ನೋಡೋಣ. ಒಟ್ಟು ಸಂಬಳ 20,000 ರೂಪಾಯಿ, ಅದರಲ್ಲಿ ಪಿಎಫ್‌ಗೆ ಲೆಕ್ಕವಾಗುವ ವೇತನ 15,000 ಎಂದಿಟ್ಟುಕೊಳ್ಳಿ. ಪಿಎಫ್‌ಗೆ ಶೇ 12ರಂತೆ 1,800, ಇಎಸ್‌ಐಗೆ ಶೇ 0.75ರಂತೆ 150 ಕಡಿತವಾಗಿ ಕೈಗೆ 18,050 ಬರುತ್ತದೆ. ಎದುರಿನ ಅಂಗಡಿಯವರು ಯಾವ ಕಡಿತವೂ ಇಲ್ಲದೆ 20,000 ಕೊಡುತ್ತೇನೆ ಎಂದಾಗ ಅದೇ ಲಾಭವೆಂದು ತೋರುವುದು ಸಹಜ. ಆದರೆ ಮೊದಲನೆಯ ಕಡೆ ಮಾಲೀಕರು ತಮ್ಮ ಪಾಲಿನ 1,800 ರೂಪಾಯಿ ಪಿಎಫ್ ಮತ್ತು ಶೇ 3.25ರ ದರದಲ್ಲಿ 650 ರೂಪಾಯಿ ಇಎಸ್‌ಐ ಕಟ್ಟುತ್ತಾರೆ. ಕಡಿತವಾದ 1,800 ಕೂಡ ನಿಮ್ಮದೇ ಉಳಿತಾಯ. ಹೀಗೆ ನೋಡಿದರೆ ಮೊದಲ ಕೆಲಸದ ನಿಜವಾದ ಬೆಲೆ ತಿಂಗಳಿಗೆ 22,450.

ಇದರಲ್ಲಿ ಇಎಸ್‌ಐಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಅನ್ವಯಿಸುವ ಈ ಯೋಜನೆಯಲ್ಲಿ ಕುಟುಂಬದವರಿಗೂ ಚಿಕಿತ್ಸೆ ಸಿಗುತ್ತದೆ. ಕೆಲಸದ ವೇಳೆ ಅಪಘಾತವಾದರೆ ಪರಿಹಾರ ಸಿಗುತ್ತದೆ. ನಾಲ್ಕನೇ ಮಹಡಿಯ ಸಜ್ಜಾದ ಮೇಲೆ ನಿಂತು ಔಟ್‌ಡೋರ್ ಯೂನಿಟ್ ಇಳಿಸುವವರ ಕೆಲಸ ಇದು. ಒಂದು ಸಲ ಕಾಲು ಜಾರಿದರೆ ವರ್ಷದ ಗಳಿಕೆ ಮಾತ್ರವಲ್ಲ, ಮನೆಯ ಉಳಿತಾಯವೂ ಕರಗುತ್ತದೆ.

ಬ್ರ್ಯಾಂಡ್‌ಗಳ ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ಸಂಬಳದ ಜೊತೆಗೆ ಪ್ರತಿ ಕಂಪ್ಲೇಂಟ್‌ಗೆ ಇಷ್ಟು ಎಂಬ ಇನ್ಸೆಂಟಿವ್ ಇರುತ್ತದೆ. ವಾರಂಟಿ ಒಳಗಿನ ಕರೆಗೆ ಎಷ್ಟು, ಹೊರಗಿನದಕ್ಕೆ ಎಷ್ಟು, ಅದೇ ದೂರು ಮತ್ತೆ ಬಂದರೆ ಕಡಿತವಿದೆಯೇ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಮೊಬೈಲ್ ಆ್ಯಪ್‌ಗಳ ಮೂಲಕ ಕೆಲಸ ಪಡೆಯುವವರಿಗೆ ಈಗ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗಾಗಿಯೇ 2025ರ ಕಾಯ್ದೆ ಇದೆ. ವೇದಿಕೆಗಳಿಂದ ಶುಲ್ಕ ಸಂಗ್ರಹಿಸಿ ಕಲ್ಯಾಣ ನಿಧಿ ರೂಪಿಸುವುದು ಅದರ ತಿರುಳು. ಆ್ಯಪ್‌ನ ಕಮಿಷನ್ ಕಳೆದ ಮೇಲೆ ಎಷ್ಟು ಉಳಿಯಿತು ಎಂದು ವಾರಕ್ಕೊಮ್ಮೆ ಬರೆದಿಡದೆ ಹೋದರೆ ಅಲ್ಲಿಯ ಗಳಿಕೆ ಎಷ್ಟೆಂದು ತಿಳಿಯುವುದೇ ಕಷ್ಟ.

ಸ್ವಂತ ಕೆಲಸದ ಲೆಕ್ಕ

ಈಗ ಸ್ವಂತವಾಗಿ ಕೆಲಸ ಮಾಡುವವರ ವಿಷಯಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಊರಿನ ದರಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು. ಬೆಂಗಳೂರಿನಲ್ಲಿ ಒಂದು ಬೈಕು, ಒಬ್ಬ ಹೆಲ್ಪರ್, ತಮ್ಮದೇ ಟೂಲ್ಸ್ ಇರುವ ಮೆಕ್ಯಾನಿಕ್ ಒಬ್ಬರನ್ನು ತೆಗೆದುಕೊಳ್ಳಿ. ಫೆಬ್ರುವರಿ ಮಧ್ಯದಿಂದ ಮೇ ಕೊನೆಯವರೆಗೆ ರಜೆ ಕಳೆದು 90 ದಿನ ಕೆಲಸ. ಗ್ಯಾಸ್, ಕಾಪರ್ ಪೈಪ್, ಬಿಡಿಭಾಗಗಳ ಹಣವನ್ನು ಬದಿಗಿಟ್ಟು, ಕೂಲಿಯಾಗಿ ದಿನಕ್ಕೆ ಸರಾಸರಿ 3,500 ರೂಪಾಯಿ ಬಂದರೆ 3,15,000 ಆಗುತ್ತದೆ. ಉಳಿದ ಕಾಲದ 200 ದಿನಗಳಲ್ಲಿ ಸರಾಸರಿ 1,200ರಂತೆ 2,40,000. ಒಟ್ಟು 5,55,000.

ಖರ್ಚಿನ ಕಡೆ ನೋಡಿ. ಹೆಲ್ಪರ್‌ಗೆ ದಿನಕ್ಕೆ 700ರಂತೆ ಬೇಸಿಗೆಯ 90 ದಿನಕ್ಕೆ 63,000, ಉಳಿದ ಕಾಲದಲ್ಲಿ ಅಗತ್ಯ ಬಿದ್ದ 60 ದಿನಕ್ಕೆ 42,000. ಪೆಟ್ರೋಲ್ ಮತ್ತು ಗಾಡಿಯ ರಿಪೇರಿಗೆ ದಿನಕ್ಕೆ 250ರಂತೆ 290 ದಿನಕ್ಕೆ 72,500. ಸವೆದ ಟೂಲ್ಸ್ ಬದಲಾಯಿಸಲು 25,000. ಫೋನು, ಜಾಹೀರಾತು, ಕೆಲಸ ಹಿಡಿದುಕೊಟ್ಟವರ ಕಮಿಷನ್ 30,000. ಮಾಡಿದ ಕೆಲಸ ಮತ್ತೆ ಕೆಟ್ಟು ಪುಕ್ಕಟೆಯಾಗಿ ಹೋಗಿಬಂದದ್ದಕ್ಕೆ 15,000. ಒಟ್ಟು ಖರ್ಚು 2,47,500. ಉಳಿದದ್ದು 3,07,500, ತಿಂಗಳಿಗೆ ಹಂಚಿದರೆ 25,625.

ಏಪ್ರಿಲ್ ತಿಂಗಳಲ್ಲಿ ಇದೇ ವ್ಯಕ್ತಿಯ ಕೈಯಲ್ಲಿ 26 ದಿನಕ್ಕೆ 91,000 ರೂಪಾಯಿ ಓಡಾಡುತ್ತದೆ. ಆ ತಿಂಗಳನ್ನು ಮಾತ್ರ ನೋಡಿ ಸಾಲ ಮಾಡಿ ವ್ಯಾನ್ ಕೊಂಡರೆ ಜುಲೈನಲ್ಲಿ ಕಂತು ಕಟ್ಟುವುದು ದುಸ್ತರವಾಗುತ್ತದೆ. ಕಂತು, ಬಾಡಿಗೆ, ಶಾಲೆಯ ಫೀಸು ಇವುಗಳನ್ನೆಲ್ಲ 25,625ರ ಮೇಲೆ ನಿರ್ಧರಿಸಬೇಕೇ ಹೊರತು 91,000ದ ಮೇಲಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದಾಯ ಹೆಚ್ಚಿಸಲು ಎಲ್ಲಿ ಕೈ ಹಾಕಬೇಕು ಎಂದು ಇದೇ ಲೆಕ್ಕದಿಂದ ಕಂಡುಕೊಳ್ಳಬಹುದು. ಬೇಸಿಗೆಯಲ್ಲಿ ಇನ್ನಷ್ಟು ಓಡಿ ದಿನದ ಸರಾಸರಿಯನ್ನು 3,500ರಿಂದ 4,000ಕ್ಕೆ ಏರಿಸಿದರೆ ವರ್ಷಕ್ಕೆ ಹೆಚ್ಚುವುದು 45,000 ರೂಪಾಯಿ. ಅದರ ಬದಲು ಮಳೆಗಾಲ ಮತ್ತು ಚಳಿಗಾಲದ ಸರಾಸರಿಯನ್ನು 1,200ರಿಂದ 1,800ಕ್ಕೆ ತಂದರೆ 1,20,000 ಹೆಚ್ಚುತ್ತದೆ. ತಿಂಗಳ ಸರಾಸರಿ 35,625ಕ್ಕೆ ಏರುತ್ತದೆ. ಬೇಸಿಗೆಯ ದಿನಗಳು ಆಗಲೇ ತುಂಬಿವೆ. ಅಲ್ಲಿ ಹೆಚ್ಚು ಮಾಡಬೇಕೆಂದರೆ ಮೈ ಸವೆಯುತ್ತದೆ, ಕೆಲಸ ಕೆಡುತ್ತದೆ. ಜಾಗ ಖಾಲಿ ಇರುವುದು ಉಳಿದ 200 ದಿನಗಳಲ್ಲಿ.

ಗ್ಯಾಸ್ ಚಾರ್ಜ್ ಎಂಬ ಒಂದು ಕೆಲಸ

ಆ 200 ದಿನಗಳ ವಿಷಯಕ್ಕೆ ಹೋಗುವ ಮೊದಲು ಬೇಸಿಗೆಯ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮೇಲಿನ ಲೆಕ್ಕದ ಪುಕ್ಕಟೆ ಭೇಟಿಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ. ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಣ್ಣಗಾಗುತ್ತಿಲ್ಲ, ಗ್ಯಾಸ್ ಮುಗಿದಿದೆ, ತುಂಬಿಸಿಕೊಡಿ ಎಂದು ಗ್ರಾಹಕರು ಕರೆಯುತ್ತಾರೆ. ಎಸಿಯಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಗೇಜ್ ಸಿಕ್ಕಿಸಿ, ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿ ಹಣ ತೆಗೆದುಕೊಂಡು ಹೊರಟರೆ ಆ ದಿನ ಇನ್ನೆರಡು ಕೆಲಸಕ್ಕೆ ಸಮಯ ಸಿಗುತ್ತದೆ, ನಿಜ. ಆದರೆ ತಿಂಗಳೊಳಗೆ ಅದೇ ಮನೆಯಿಂದ ಫೋನು ಬರುತ್ತದೆ.

ಸರಿಯಾದ ಕ್ರಮ ಬೇರೆ. ಔಟ್‌ಡೋರ್ ಯೂನಿಟ್‌ನ ವಾಲ್ವ್‌ಗಳ ಬಳಿ ಫ್ಲೇರ್ ನಟ್ (ಪೈಪಿನ ಅಗಲಿಸಿದ ತುದಿಯನ್ನು ವಾಲ್ವ್‌ಗೆ ಬಿಗಿಯುವ ನಟ್) ಸುತ್ತ ಎಣ್ಣೆಯ ಜಿಡ್ಡು ಕಾಣುತ್ತಿದೆಯೇ ಎಂದು ಮೊದಲು ನೋಡಬೇಕು. ಗ್ಯಾಸ್ ಜೊತೆಗೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಹೊರಬರುವುದರಿಂದ ಸೋರಿಕೆಯ ಜಾಗದಲ್ಲಿ ಧೂಳು ಮೆತ್ತಿಕೊಂಡು ಕಪ್ಪಾಗಿರುತ್ತದೆ. ನಂತರ ಒಣ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕಬೇಕು. ಫ್ಲೇರ್ ಬಿರುಕು ಬಿಟ್ಟಿದ್ದರೆ ಪೈಪಿನ ತುದಿ ಕತ್ತರಿಸಿ, ಒಳಗಿನ ಸಿಬಿರು ತೆಗೆದು, ಹೊಸದಾಗಿ ಫ್ಲೇರಿಂಗ್ ಮಾಡಿ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಬೇಕು. ಒತ್ತಡ ಇಳಿಯುತ್ತಿಲ್ಲ ಎಂದು ಖಚಿತವಾದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವವನ್ನು ಸುಮಾರು 500 ಮೈಕ್ರಾನ್‌ವರೆಗೆ (ಮೈಕ್ರಾನ್ ನಿರ್ವಾತದ ಅಳತೆ) ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅದು ನಿಂತಿದೆಯೇ ಎಂದು ನೋಡಿ, ನೇಮ್‌ಪ್ಲೇಟ್‌ನಲ್ಲಿ ಬರೆದಷ್ಟೇ ತೂಕದ ಗ್ಯಾಸನ್ನು ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತುಂಬಬೇಕು. ಇದಕ್ಕೆ ಎರಡು ಎರಡೂವರೆ ಗಂಟೆ ಬೇಕು. ಒತ್ತಡದ ಪರೀಕ್ಷೆಗೆ ನೈಟ್ರೋಜನ್ ಬದಲು ಆಮ್ಲಜನಕ ಬಳಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕಂಪ್ರೆಸರ್ ಎಣ್ಣೆಯೊಡನೆ ಅದು ಸೇರಿದರೆ ಸ್ಫೋಟವಾಗುತ್ತದೆ, ಜೀವ ಹೋಗುತ್ತದೆ.

ಮೇಲಿನ ಲೆಕ್ಕದ ಪ್ರಕಾರ ಬೇಸಿಗೆಯ ಅರ್ಧ ದಿನದ ಬೆಲೆ 1,750 ರೂಪಾಯಿ. ಅವಸರದಿಂದ ಮಾಡಿದ ಕೆಲಸ ಮತ್ತೆ ಕರೆದರೆ ಹೋಗುವುದು ಈ ಅರ್ಧ ದಿನ, ಪೆಟ್ರೋಲ್, ಮತ್ತೊಮ್ಮೆ ತುಂಬಬೇಕಾದ ಗ್ಯಾಸಿನ ಹಣ, ಆ ಗ್ರಾಹಕರ ನಂಬಿಕೆ. ಅರ್ಧ ಗಂಟೆಯಲ್ಲಿ ಮುಗಿಸಿದ್ದರಿಂದ ಉಳಿದ ಸಮಯಕ್ಕಿಂತ ಇದು ದುಬಾರಿ. ಆದ್ದರಿಂದ ಸೋರಿಕೆ ಹುಡುಕುವುದಕ್ಕೆ ಬೇರೆಯಾಗಿ ಕೂಲಿ ಹೇಳಿ, ಕಾರಣವನ್ನು ಗ್ರಾಹಕರಿಗೆ ಬಿಡಿಸಿ ತಿಳಿಸಿ, ಗುಳ್ಳೆ ಏಳುವುದನ್ನು ಅವರಿಗೇ ತೋರಿಸಿ. ಕಣ್ಣಾರೆ ಕಂಡವರು ಹೆಚ್ಚಿನ ಹಣಕ್ಕೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಗ್ಯಾಸಿನ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಎಸಿಗಳಲ್ಲಿದ್ದ, ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-22 ಎಂಬ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ಈಗಿನ ಹೊಸ ಎಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32, ಕೆಲವು ಮಾದರಿಗಳಲ್ಲಿ ಪ್ರೊಪೇನ್, ಅಂದರೆ ಆರ್-290. ಆರ್-32 ಸಾಧಾರಣ ಮಟ್ಟಿಗೆ ಉರಿಯುವಂಥದ್ದು, ಆರ್-290 ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಪೈಪು ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚುವ ಮೊದಲು ಪೈಪಿನಲ್ಲಿ ಗ್ಯಾಸ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಕಿಟಕಿ ಬಾಗಿಲು ತೆರೆದಿಡುವುದು ಈಗ ಕಡ್ಡಾಯ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಭಾರತ ಕೂಲಿಂಗ್ ಕ್ರಿಯಾ ಯೋಜನೆಯು ಒಂದು ಲಕ್ಷ ಸರ್ವಿಸ್ ಟೆಕ್ನಿಷಿಯನ್‌ಗಳಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಕೆಲಸ ಬಲ್ಲವರಾಗಿದ್ದು ಕಾಗದವಿಲ್ಲದವರು ಪೂರ್ವ ಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯ ಮೂಲಕ ಪ್ರಮಾಣಪತ್ರ ಪಡೆಯಲು ಪ್ರಯತ್ನಿಸಬಹುದು.

ಮಳೆಗಾಲದಲ್ಲಿ ತಂಪು ಯಾರಿಗೆ ಬೇಕು

ಮನುಷ್ಯರಿಗೆ ತಂಪು ಬೇಡವಾದ ಕಾಲದಲ್ಲೂ ಹಾಲಿಗೆ, ಮೀನಿಗೆ, ಮೆಣಸಿನಕಾಯಿಗೆ, ಲಸಿಕೆಗೆ ಅದು ಬೇಕೇ ಬೇಕು. ಎಸಿ ಕೆಲಸವನ್ನಷ್ಟೇ ಕಲಿತು ರೆಫ್ರಿಜರೇಷನ್ ಅನ್ನು ಕೈಬಿಟ್ಟವರು ಮಳೆಗಾಲವನ್ನು ಕಳೆದುಕೊಳ್ಳುತ್ತಾರೆ. ಐಟಿಐ ಪಠ್ಯದಲ್ಲಿ ಎರಡೂ ಇವೆ. ಕೆಲಸಕ್ಕೆ ಇಳಿದ ಮೇಲೆ ಒಂದು ಮರೆತುಹೋಗುತ್ತದೆ.

ಕರ್ನಾಟಕದ ನಕ್ಷೆಯನ್ನು ಈ ದೃಷ್ಟಿಯಿಂದ ನೋಡಿದರೆ ಪ್ರತಿ ಸೀಮೆಯಲ್ಲೂ ಒಂದಲ್ಲ ಒಂದು ತಂಪಿನ ಕೆಲಸ ಕಾಣುತ್ತದೆ. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್‌ಗಳಿವೆ. ಕರೆದ ಹಾಲನ್ನು ಬೇಗನೆ ಸುಮಾರು 4 ಡಿಗ್ರಿಗೆ ಇಳಿಸುವುದು ಅವುಗಳ ಕೆಲಸ. ಬೆಳಗಿನ ಹಾಲು ಬಂದ ಹೊತ್ತಿಗೆ ಕಂಪ್ರೆಸರ್ ನಿಂತರೆ ಸಂಘದ ಕಾರ್ಯದರ್ಶಿಯವರು ನಾಳೆ ಬನ್ನಿ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅಲ್ಲಿಗೆ ಒಂದು ಗಂಟೆಯೊಳಗೆ ತಲುಪಬಲ್ಲ ಸ್ಥಳೀಯ ಮೆಕ್ಯಾನಿಕ್‌ಗೆ ದರದ ಚೌಕಾಸಿ ಕಡಿಮೆ, ಕೆಲಸ ವರ್ಷವಿಡೀ. ಬ್ಯಾಡಗಿಯ ಶೀತಲ ಗೃಹಗಳಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಂತೆ ತಿಂಗಳುಗಟ್ಟಲೆ ಇಡುತ್ತಾರೆ. ಸುಗ್ಗಿಯ ನಂತರ ತುಂಬುವ ಆ ಗೋದಾಮುಗಳು ಮಳೆಗಾಲದಲ್ಲೂ ನಡೆಯುತ್ತಲೇ ಇರುತ್ತವೆ. ಮಲ್ಪೆ, ಮಂಗಳೂರುಗಳ ಐಸ್ ಪ್ಲಾಂಟ್‌ಗಳ ವಿಷಯ ಇನ್ನೂ ಕುತೂಹಲಕರವಾದದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಐಸಿನ ಬೇಡಿಕೆ ಇಳಿಯುತ್ತದೆ. ಯಂತ್ರಗಳನ್ನು ಬಿಚ್ಚಿ ಓವರ್‌ಹಾಲ್ ಮಾಡಲು ಅದೇ ಅನುಕೂಲದ ಕಾಲ. ಎಸಿ ಕೆಲಸ ನಿಂತ ಎರಡು ತಿಂಗಳೂ ಇದೂ ಒಂದೇ. ಆದರೆ ಐಸ್ ಪ್ಲಾಂಟ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಅಮೋನಿಯಾ, ಅದು ವಿಷಕಾರಿ. ತಕ್ಕ ತರಬೇತಿ, ಮುಖವಾಡ, ಬಲ್ಲವರ ಜೊತೆ ಇಲ್ಲದೆ ಆ ಕೆಲಸಕ್ಕೆ ಯಾರೂ ಇಳಿಯಬಾರದು.

ಪಟ್ಟಣಗಳಲ್ಲಿ ಬೇಕರಿಯ ಡಿಸ್‌ಪ್ಲೇ ಫ್ರಿಜ್, ಐಸ್ ಕ್ರೀಮ್ ಫ್ರೀಜರ್, ಹೋಟೆಲಿನ ಡೀಪ್ ಫ್ರಿಜ್, ಔಷಧಿ ಅಂಗಡಿಯ ಲಸಿಕೆ ಇಡುವ ಫ್ರಿಜ್ ಇವೆ. ಕೊನೆಯದರಲ್ಲಿ ಉಷ್ಣತೆ 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು. ನವೆಂಬರ್‌ನಿಂದ ಗೀಜರ್ ಕೆಲಸ ಬರುತ್ತದೆ. ಕೊಡಗು, ಚಿಕ್ಕಮಗಳೂರಿನ ರೆಸಾರ್ಟ್‌ಗಳು, ನಗರಗಳ ಹಾಸ್ಟೆಲ್ ಮತ್ತು ಹೋಟೆಲ್‌ಗಳು ಬಿಸಿನೀರಿಗೆ ಹೀಟ್ ಪಂಪ್ ಹಾಕಿಸಿಕೊಳ್ಳುತ್ತಿವೆ. ಅದರ ಒಳಗಿರುವುದು ಎಸಿಯ ಒಳಗಿರುವ ಅದೇ ಚಕ್ರ: ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಇವಾಪೊರೇಟರ್. ಎಸಿ ಬಲ್ಲವರಿಗೆ ಅದನ್ನು ಕಲಿಯಲು ಹೆಚ್ಚು ಸಮಯ ಬೇಕಿಲ್ಲ.

ಇನ್ನೊಂದು ದಾರಿ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಕರಾರು. ಕ್ಲಿನಿಕ್, ಎಟಿಎಂ, ಸಣ್ಣ ಕಚೇರಿ, ಜೆರಾಕ್ಸ್ ಅಂಗಡಿ ಇಂಥವುಗಳ 50 ಎಸಿಗಳನ್ನು ತಲಾ 2,400 ರೂಪಾಯಿಗೆ, ಬಿಡಿಭಾಗ ಮತ್ತು ಗ್ಯಾಸ್ ಹೊರತುಪಡಿಸಿ ಹಿಡಿದರೆ 1,20,000 ಆಗುತ್ತದೆ. ಮೇಲೆ ಹೇಳಿದ ಹೆಚ್ಚಳದ ಮೊತ್ತಕ್ಕೆ ಸಮ. ವರ್ಷದ ಸರ್ವಿಸ್‌ಗಳಲ್ಲಿ ಒಂದನ್ನು ಬೇಸಿಗೆಗೆ ಮುಂಚೆ ಜನವರಿಯಲ್ಲಿ, ಉಳಿದವನ್ನು ಜುಲೈ ಮತ್ತು ಅಕ್ಟೋಬರ್‌ನಲ್ಲಿ ಇಟ್ಟುಕೊಂಡರೆ ಖಾಲಿ ದಿನಗಳು ತುಂಬುತ್ತವೆ. ಇಲ್ಲಿ ಎಚ್ಚರ ಬೇಕಾದದ್ದು ಎರಡು ಕಡೆ. ಈಗಾಗಲೇ ಬೇಸಿಗೆಯಲ್ಲಿ ಹಣ ಕೊಟ್ಟು ಸರ್ವಿಸ್ ಮಾಡಿಸುತ್ತಿರುವ ಗ್ರಾಹಕರನ್ನೇ ಕರಾರಿಗೆ ತಂದರೆ ಒಂದು ಕಡೆ ಬಂದದ್ದು ಇನ್ನೊಂದು ಕಡೆ ಕಡಿಮೆಯಾಗುತ್ತದೆ, ಆದ್ದರಿಂದ ಹೊಸ ಗ್ರಾಹಕರನ್ನು ಹುಡುಕಬೇಕು. ಎರಡನೆಯದಾಗಿ, ಬ್ರೇಕ್‌ಡೌನ್ ಭೇಟಿ ಎಷ್ಟು ಸಲ ಉಚಿತ ಎಂಬುದನ್ನು ಕರಾರಿನಲ್ಲಿ ಬರೆಯಲೇಬೇಕು.

ಊರು ಬದಲಾದಂತೆ ಸೀಸನ್ ಬದಲಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲಿನ ಕಾಲ ಬೆಂಗಳೂರಿಗಿಂತ ಉದ್ದ. ಎಸಿ ಜೊತೆಗೆ ಏರ್ ಕೂಲರ್ ಮೋಟರ್, ಪಂಪ್ ಕೆಲಸವೂ ಬರುತ್ತದೆ. ಕರಾವಳಿಯಲ್ಲಿ ಸೆಖೆ ಅಕ್ಟೋಬರ್‌ನಲ್ಲೂ ಇರುವುದರಿಂದ ಎಸಿ ನಿಲ್ಲುವ ತಿಂಗಳು ಕಡಿಮೆ. ಉಪ್ಪುಗಾಳಿಗೆ ಔಟ್‌ಡೋರ್ ಕಾಯಿಲ್ ಬೇಗ ತುಕ್ಕುಹಿಡಿದು ಸೋರುವುದರಿಂದ ಕೆಲಸ ಹೆಚ್ಚು.

ದೊಡ್ಡ ಯಂತ್ರಗಳ ಕಡೆಗೆ

ಐಟಿ ಪಾರ್ಕ್, ಆಸ್ಪತ್ರೆ, ಔಷಧ ಕಾರ್ಖಾನೆ, ಡೇಟಾ ಸೆಂಟರ್‌ಗಳಲ್ಲಿ ತಂಪು ಒಂದು ದಿನವೂ ನಿಲ್ಲುವಂತಿಲ್ಲ. ಚಿಲ್ಲರ್, ಕೂಲಿಂಗ್ ಟವರ್, ಎಎಚ್‌ಯು (ತಣ್ಣನೆಯ ಗಾಳಿಯನ್ನು ಕೋಣೆಗಳಿಗೆ ತಳ್ಳುವ ಘಟಕ), ಪಂಪ್‌ಗಳನ್ನು ಮೂರು ಪಾಳಿಯಲ್ಲಿ ನೋಡಿಕೊಳ್ಳುವ ಈ ಕೆಲಸದಲ್ಲಿ ಸೀಸನ್ ಎಂಬುದಿಲ್ಲ, ಸಂಬಳ ತಿಂಗಳು ತಿಂಗಳು ಬರುತ್ತದೆ. ಇಲ್ಲಿ ಮೇಲೇರಲು ಬೇಕಾದದ್ದು ಸ್ಪ್ಯಾನರ್ ಹಿಡಿಯುವ ಕೌಶಲಕ್ಕಿಂತ ಹೆಚ್ಚಾಗಿ ಅಂಕಿ ಓದುವ ಕೌಶಲ. ಗಂಟೆಗೊಮ್ಮೆ ಲಾಗ್‌ಬುಕ್‌ನಲ್ಲಿ ಬರೆಯುವ ಒತ್ತಡ, ಉಷ್ಣತೆ, ಆಂಪಿಯರ್‌ಗಳು ನಿನ್ನೆಗಿಂತ ಏಕೆ ಬೇರೆಯಾಗಿವೆ ಎಂದು ಹೇಳಬಲ್ಲವರು ಸೂಪರ್‌ವೈಸರ್ ಆಗುತ್ತಾರೆ; ಸುಮ್ಮನೆ ಬರೆದವರು ವರ್ಷಗಟ್ಟಲೆ ಆಪರೇಟರ್ ಆಗಿಯೇ ಉಳಿಯುತ್ತಾರೆ. ಇಂಥ ಕೆಲಸಗಳು ಹೆಚ್ಚಾಗಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬರುವುದರಿಂದ ಸಂಬಳದ ಚೀಟಿಯ ಪ್ರಶ್ನೆಗಳನ್ನು ಇಲ್ಲೂ ಕೇಳಲೇಬೇಕು. ಮನೆ ಎಸಿಗಳಲ್ಲೇ ಇರುವವರಿಗೆ ಇದಕ್ಕೆ ಸಮನಾದ ಏಣಿ ಎಂದರೆ ಇನ್ವರ್ಟರ್ ಎಸಿಯ ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡಿನ ರಿಪೇರಿ. ಬೋರ್ಡನ್ನೇ ಬದಲಿಸಿ ಎನ್ನುವವರು ಬಹಳ, ಅದರಲ್ಲಿ ಸುಟ್ಟ ಭಾಗವನ್ನು ಹುಡುಕಿ ಬದಲಿಸಬಲ್ಲವರು ಕಡಿಮೆ.

ಸರ್ಕಾರಿ ಕೆಲಸಗಳನ್ನೂ ಗಮನಿಸಬೇಕು. ರೈಲ್ವೆಯ ಟೆಕ್ನಿಷಿಯನ್ ಗ್ರೇಡ್ 3 ಹುದ್ದೆಗೆ ಮೂಲ ವೇತನ 19,900, ಇಸ್ರೋದ ಟೆಕ್ನಿಷಿಯನ್-ಬಿ ಹುದ್ದೆಗೆ 21,700. ಇವುಗಳ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ಎರಡೂ ಕಡೆ ಈ ಟ್ರೇಡ್‌ನವರಿಗೆ ಅವಕಾಶ ಬರುತ್ತದೆ. ರೈಲಿನ ಎಸಿ ಬೋಗಿಗಳಿಗೂ, ಉಪಗ್ರಹ ಜೋಡಿಸುವ ಸ್ವಚ್ಛ ಕೊಠಡಿಗಳಿಗೂ ಈ ಕಸುಬು ಬೇಕು. ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಎನ್‌ಟಿಸಿಯಂಥ ಮಾನ್ಯ ಪ್ರಮಾಣಪತ್ರ ಇಲ್ಲದವರು ಅರ್ಜಿಯನ್ನೇ ಹಾಕುವಂತಿಲ್ಲ.

ಗಲ್ಫ್‌ಗೆ ಹೊರಡುವವರು ನೋಡಬೇಕಾದದ್ದು

ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋಗುವ ಪರಂಪರೆ ಹಳೆಯದು. ಎಸಿ ಮೆಕ್ಯಾನಿಕ್‌ಗಳಿಗೆ ಅಲ್ಲಿ ಬೇಡಿಕೆ ಯಾವಾಗಲೂ ಇದೆ. ಅಲ್ಲಿನ ಗಳಿಕೆಯನ್ನು ಒಟ್ಟು ಮೊತ್ತದಿಂದ ಅಳೆಯದೆ ಕರಾರಿನ ಮೂಲ ವೇತನದಿಂದ ಅಳೆಯಬೇಕು. ಯುಎಇ ಕಾನೂನಿನ ಪ್ರಕಾರ ಓವರ್‌ಟೈಮ್‌ನ ದರ ಮೂಲ ವೇತನದ ಗಂಟೆಯ ಲೆಕ್ಕಕ್ಕೆ ಕನಿಷ್ಠ ಶೇ 25 ಸೇರಿಸಿ ಕೊಡುವಂಥದ್ದು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಕೂಡ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನದಷ್ಟು. ಇಬ್ಬರಿಗೆ ಒಟ್ಟು 1,800 ದಿರ್ಹಮ್ ಎಂದೇ ಇರಲಿ. ಒಬ್ಬರ ಮೂಲ ವೇತನ 1,000, ಇನ್ನೊಬ್ಬರದು 1,400 ಆಗಿದ್ದರೆ ಐದು ವರ್ಷದ ಕೊನೆಯಲ್ಲಿ ಮೊದಲನೆಯವರಿಗೆ 3,500, ಎರಡನೆಯವರಿಗೆ 4,900 ದಿರ್ಹಮ್ ಗ್ರ್ಯಾಚುಟಿ ಬರುತ್ತದೆ. ಪ್ರತಿ ಗಂಟೆಯ ಓವರ್‌ಟೈಮ್‌ನಲ್ಲೂ ಅದೇ ಅನುಪಾತದ ವ್ಯತ್ಯಾಸ. ವಸತಿ, ಊಟ, ವಿಮಾನದ ಟಿಕೆಟ್ ಯಾರದು ಎಂಬುದನ್ನೂ ಕರಾರಿನಲ್ಲಿ ನೋಡಿ.

ಏಜೆಂಟರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತರೇ ಎಂದು ಪರಿಶೀಲಿಸದೆ ಹಣ ಕೊಡಬೇಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರಿಗೆ ಅಥವಾ ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಸರಿಪಡಿಸೋಣ ಎನ್ನುವವರಿಗೆ ಪಾಸ್‌ಪೋರ್ಟ್ ಒಪ್ಪಿಸಬೇಡಿ. ಸಾಲ ಮಾಡಿ ಹೋದವರ ಮೊದಲ ವರ್ಷದ ದುಡಿಮೆ ಬಡ್ಡಿಗೇ ಹೋಗುವುದನ್ನು ಕರಾವಳಿಯ ಮನೆಗಳು ಬಲ್ಲವು.

ಸ್ವಂತ ಕೆಲಸ ಆರಂಭಿಸುವಾಗ

ವ್ಯಾಕ್ಯೂಮ್ ಪಂಪ್, ಗೇಜ್, ಫ್ಲೇರಿಂಗ್ ಸೆಟ್, ಟಾರ್ಕ್ ರೆಂಚ್, ಡಿಜಿಟಲ್ ತಕ್ಕಡಿ, ಕ್ಲ್ಯಾಂಪ್ ಮೀಟರ್, ಜೆಟ್ ಪಂಪ್, ನೈಟ್ರೋಜನ್ ಸಿಲಿಂಡರ್ ಎಲ್ಲ ಸೇರಿ 40ರಿಂದ 60 ಸಾವಿರ ಬೇಕಾಗುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಸಾಲ ಸಿಗುವುದರಿಂದ ಕೈಸಾಲಕ್ಕೆ ಹೋಗುವ ಮೊದಲು ಬ್ಯಾಂಕನ್ನು ಕೇಳಿ. ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದನ್ನು ಮಾಡಿಸಿಕೊಂಡರೆ ಕಚೇರಿಗಳ ಎಎಂಸಿ ಕೇಳುವಾಗ ತೋರಿಸಲು ಒಂದು ಕಾಗದವಿರುತ್ತದೆ. ಸೇವೆಯನ್ನು ಮಾತ್ರ ಒದಗಿಸುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಕೆಲವು ಕಂಪನಿಗಳು ಜಿಎಸ್‌ಟಿ ಬಿಲ್ ಇಲ್ಲದೆ ಕೆಲಸ ಕೊಡುವುದಿಲ್ಲ.

ಸ್ವಂತ ಕೆಲಸದವರಿಗೆ ಇಎಸ್‌ಐ ಇರುವುದಿಲ್ಲವಾದ್ದರಿಂದ ಅದರ ಜಾಗವನ್ನು ತಾವೇ ತುಂಬಿಕೊಳ್ಳಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ. ಅದು ಆಸ್ಪತ್ರೆಯ ಖರ್ಚನ್ನು ಭರಿಸುವುದಿಲ್ಲ, ಹಾಗಾಗಿ ಒಂದು ಆರೋಗ್ಯ ವಿಮೆಯೂ ಬೇಕು. ಮೇಲಿನ 3,07,500ರ ಲೆಕ್ಕದಲ್ಲಿ ಈ ವಿಮೆಯ ಕಂತನ್ನೂ ಒಂದು ಸೇಫ್ಟಿ ಬೆಲ್ಟಿನ ಬೆಲೆಯನ್ನೂ ನಾನು ಸೇರಿಸಿಲ್ಲ. ನೀವು ನಿಮ್ಮ ಲೆಕ್ಕ ಬರೆಯುವಾಗ ಖರ್ಚಿನ ಪಟ್ಟಿಯಲ್ಲಿ ಪೆಟ್ರೋಲಿಗಿಂತ ಮೊದಲು ಇವೆರಡನ್ನು ಬರೆಯಿರಿ, ಹೆಲ್ಪರ್‌ಗೂ ಸೇರಿಸಿ.